ಬೇರೆ ಕಟ್ಟಿದ ಟಗರು

ಈ ಕಥೆಯನ್ನು ಮೊದಲು ಹೇಳಿದವಳು ಮಸರಕಲ್ಲಿನ ಯಂಕಮ್ಮ. ಹೇಳಿದ್ದು ಮಾನ್ವಿಯಲ್ಲಿ, ಅವಳ ತವರುಮನೆಯ ಪಡಸಾಲೆಯಲ್ಲಿ, ಎರಡು ಬೇಸಿಗೆಯ ಹಿಂದೆ ಓಣಿಯ ಹೆಂಗಸರು ಶ್ಯಾವಿಗೆ ಹೊಸೆಯಲು ಕೂಡಿದ್ದ ಒಂದು ಮಧ್ಯಾಹ್ನ. ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದವಳು ಅದೇ ಓಣಿಯ ಮಗಳು ಶಶಿಕಲಾ. ಯುಗಾದಿಗೆಂದು ತವರಿಗೆ ಬಂದ ಆಕೆಯನ್ನು ಕರೆದೊಯ್ಯಲು ಗಂಡನ ಮನೆಯಿಂದ ಯಾರೂ ಬಂದಿರಲಿಲ್ಲ, ಯಾಕೆಂದು ಓಣಿಯವರು ಕೇಳಿರಲಿಲ್ಲ. 'ದುರುಗಪ್ಪ ಅಂತ ಒಬ್ಬ ಕುರಿ ಸಾಕೋ ಮನಿಯಾಂವ ಇದ್ದ' ಎಂದು ಯಂಕಮ್ಮ ಆರಂಭಿಸಿದಾಗ ಹೆಂಗಸರು ಸೆರಗು ಬಾಯಿಗೊತ್ತಿಕೊಂಡು ನಕ್ಕರು. ಅದು ಅವಳ ಗಂಡನ ಹೆಸರು. ಅವಳ ಬಾಯಲ್ಲಿ ಅದನ್ನು ಅದುವರೆಗೆ ಕೇಳಿದವರಿರಲಿಲ್ಲ. 'ಆ ಮನಷ್ಯಾನ ಮನಸಿನಾಗ ಏನಿತ್ತಂತ ನಿನಗ ಹೆಂಗ ಗೊತ್ತಬೇ?' ಎಂದು ಒಬ್ಬಾಕೆ ಕೆಣಕಿದಳು. 'ಒಂದ ಕೌದಿ ಹೊಚ್ಚಿಕೊಂಡು ಮಲಗಾಕಿಗೆ ಗೊತ್ತಾಗಂಗಿಲ್ಲೇನು?' ಎಂದಳು ಯಂಕಮ್ಮ. ಗಿಲ್ಲೆಸುಗೂರಿನ ಕಡೆ ಈ ಕಥೆಗೆ ಬೇರೊಂದು ಪಾಠವಿದೆ. ಅದರ ಮಾತು ಅದರ ಜಾಗದಲ್ಲಿ ಬರುತ್ತದೆ. ಇಲ್ಲಿರುವುದು ಯಂಕಮ್ಮನ ಪಾಠ.

ಹೆಂಡತಿಯನ್ನು ದವಾಖಾನೆಗೆ ತೋರಿಸಲು ಹತ್ತಿದ ರಾಯಚೂರಿನ ಬಸ್ಸು ಮಸರಕಲ್ಲು ಬಿಟ್ಟಾಗ ದುರುಗಪ್ಪನಿಗೆ ಕಿಟಕಿಯ ಪಕ್ಕದ ಸೀಟು ಸಿಕ್ಕಿತ್ತು. ಹೆಂಡತಿಗೆ ಬೆಳಗಿನಿಂದ ಓಕರಿಕೆ. ಗಾಳಿ ಬೇಕಾದದ್ದು ಅವಳಿಗೆ. ಎದ್ದು ಜಾಗ ಬದಲಿಸಬೇಕೆಂದುಕೊಂಡ, ಬಿಡಿಸಿ ಮುಗಿದ ಹತ್ತಿಯ ಹೊಲಗಳು ಹಿಂದೆ ಸರಿಯುತ್ತಿದ್ದಂತೆ ಮತ್ತೊಮ್ಮೆ ಅಂದುಕೊಂಡ, ಏಳಲಿಲ್ಲ. ಏಳದಿರುವುದಕ್ಕೆ ಕಾರಣವಿತ್ತು, ಅದನ್ನು ಅವನು ತನಗೂ ಬಾಯಿಬಿಟ್ಟು ಹೇಳಿಕೊಂಡಿರಲಿಲ್ಲ. ಯಂಕಮ್ಮ ಒಂದು ನಿಂಬೆಹಣ್ಣನ್ನು ಉಗುರಿನಿಂದ ಗೀರಿ ಮೂಗಿಗೆ ಹಿಡಿದುಕೊಂಡಿದ್ದಳು. ಬಸ್ಸು ತಿರುವಿನಲ್ಲಿ ವಾಲಿದಾಗ ಅವಳ ಭುಜ ಅವನ ಭುಜಕ್ಕೆ ತಾಗುತ್ತಿತ್ತು, ತಾಗಿದ ಕೂಡಲೇ ಅವನು ಕಿಟಕಿಯ ಕಡೆಗೆ ಇನ್ನಷ್ಟು ಒತ್ತಿಕೊಳ್ಳುತ್ತಿದ್ದ. ಆಶಾ ಕಾರ್ಯಕರ್ತೆ ಕೊಟ್ಟ ಕಡ್ಡಿಯಲ್ಲಿ ಎರಡು ಗೆರೆ ಮೂಡಿದ ದಿನ ಯಂಕಮ್ಮ ಅದನ್ನು ಅವನ ಮುಂದೆ ಹಿಡಿದು 'ಇದೇನಿದು?' ಎಂದು ಕೇಳಿದ್ದಳು. ಆ ಪ್ರಶ್ನೆ ತಾನು ಕೇಳಬೇಕಾದದ್ದು ಎಂದು ಅವನಿಗೆ ಅನ್ನಿಸಿತ್ತು. ದೀಪಾವಳಿ ಮುಗಿದ ವಾರವೇ ಅವನು ಊರಲ್ಲಿ ಹೊಟ್ಟೆನೋವೆಂದು ಹೇಳಿ ರಾಯಚೂರಿಗೆ ಹೋಗಿ ನಸಬಂದಿ, ಗಂಡಸರಿಗೆ ಮಕ್ಕಳಾಗದಂತೆ ಮಾಡುವ ಆಪರೇಷನ್, ಮಾಡಿಸಿಕೊಂಡು ಬಂದಿದ್ದ. ಹೆಂಡತಿಗಲ್ಲದೆ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ದಾರಿ ಮುಚ್ಚಿದ ಮೇಲೆ ಈ ಕೂಸು ಯಾವ ದಾರಿಯಿಂದ ಬಂತು? ಅವನು ಕೇಳಲಿಲ್ಲ. ಅಂದಿನಿಂದ ಮನೆಯಲ್ಲಿ ಮಲಗುವುದನ್ನು ಬಿಟ್ಟು ಕುರಿಹಟ್ಟಿಯಲ್ಲಿ ಮಲಗತೊಡಗಿದ. 'ತೋಳ ಅಡ್ಡಾಡಾಕತ್ತ್ಯಾವ' ಎಂದು ಕಾರಣ ಹೇಳಿದ. ತೋಳವನ್ನು ಯಾರೂ ಕಂಡಿರಲಿಲ್ಲ.

ನಸಬಂದಿ ಬೇಕೆಂದು ಅವನೇನೂ ಹಂಬಲಿಸಿದವನಲ್ಲ. ಮೂರನೆಯ ಹೆರಿಗೆಯಲ್ಲಿ ಯಂಕಮ್ಮನ ಮೈಯ ರಕ್ತವೆಲ್ಲ ಹರಿದುಹೋದಂತಾಗಿ, ಬೇರೆಯವರ ರಕ್ತ ಏರಿಸಿ ಉಳಿಸಿಕೊಂಡಿದ್ದರು. ಆಮೇಲೆ ದೇವದುರ್ಗದ ಡಾಕ್ಟರಮ್ಮ ತಾಮ್ರದ ತಂತಿ ಸುತ್ತಿದ ಕಾಪರ್-ಟಿ ಹಾಕಿದಾಗ ಓಣಿಯ ಮುದುಕಿಯರು ಆ ತಂತಿ ಮೆಲ್ಲಗೆ ಏರಿ ಎದೆಗೆ ಚುಚ್ಚಿಕೊಳ್ಳುತ್ತದೆಂದು ಹೆದರಿಸಿದ್ದರು. ಡಾಕ್ಟರಮ್ಮ ಮುಷ್ಟಿ ಹಿಡಿದು ತೋರಿಸಿ, 'ಗರ್ಭಚೀಲ ಇಷ್ಟ ಇರತದ, ಇಲ್ಲಿಂದ ಎದಿಗೆ ಹೋಗಾಕ ದಾರಿನ ಇಲ್ಲವಾ' ಎಂದಿದ್ದಳು. ಆದರೆ ರಕ್ತ ಮೊದಲೇ ಕಡಿಮೆಯಿದ್ದ ಹೆಂಗಸಿಗೆ ತಿಂಗಳ ಮುಟ್ಟು ಹೆಚ್ಚಾಗಿ, ಅದನ್ನು ತೆಗೆಸಬೇಕಾಯಿತು. 'ಇಕಿಗೆ ಆಪರೇಷನ್ ತಡಕೊಳ್ಳೋ ಶಕ್ತಿ ಈಗ ಇಲ್ಲ. ಇನ್ನೊಂದು ಬಸರು ಆದ್ರ ಜೀವಕ್ಕ ಬರತದ. ನೀವು ಮಾಡಿಸಿಕೊಳ್ರಿ, ನಿಮ್ಮದು ಸಣ್ಣ ಕೆಲಸ' ಎಂದು ಡಾಕ್ಟರಮ್ಮ ದುರುಗಪ್ಪನ ಕಡೆ ತಿರುಗಿದಾಗ ಅವನು ಹೊರಗೆ ಯಾರೋ ಕರೆದವರಂತೆ ಬಾಗಿಲ ಕಡೆ ನೋಡಿದ್ದ. ಆ ಮಾತು ಕೇಳಿದಾಗಲೆಲ್ಲ ಅವನ ಕಣ್ಣ ಮುಂದೆ ಬರುತ್ತಿದ್ದದ್ದು ಆಸ್ಪತ್ರೆಯಲ್ಲ, ಹಟ್ಟಿ: ಅಪ್ಪ ರೇವಣಸಿದ್ದ ಮೊಣಕಾಲೂರಿ ಕೂತಿದ್ದಾನೆ, ತಾನು ಟಗರಿನ ಕೋಡು ಹಿಡಿದಿದ್ದಾನೆ, ಅಪ್ಪ ಎರಡು ಬಡಿಗೆಗಳ ನಡುವೆ ಅದರ ಬೀಜದ ನರವನ್ನು ಸಿಕ್ಕಿಸಿ ಹಿಚುಕುತ್ತಿದ್ದಾನೆ. ಆಮೇಲೆ ಆ ಟಗರು ಮೈತುಂಬಿಕೊಳ್ಳುತ್ತದೆ, ಸೆಣಸುವುದಿಲ್ಲ, ಯಾವ ಕುರಿಯ ಹಿಂದೆಯೂ ಮೂಗು ಎತ್ತಿ ಹೋಗುವುದಿಲ್ಲ. ಆದರೂ ಅವನು ಹೋದದ್ದು, ಒಂದು ದಿನ ಯಂಕಮ್ಮ ಬಾವಿಯಿಂದ ಕೊಡ ತರುವಾಗ ನಡುದಾರಿಯಲ್ಲಿ ಕೂತುಬಿಟ್ಟು, ಕೇಳಿದವರಿಗೆಲ್ಲ 'ಹಂಗ ಸುಮ್ನ ಕುಂತೀನಿ' ಎಂದು ನಗುತ್ತಿದ್ದುದನ್ನು ದೂರದಿಂದ ಕಂಡಿದ್ದರಿಂದ.

ರಾಯಚೂರಿನ ದೊಡ್ಡ ದವಾಖಾನೆಯಲ್ಲಿ ಅವನಿಗೆ ತಿಳಿಹೇಳಿದವಳು ಸೈಮಾ ಎಂಬ ನರ್ಸಮ್ಮ. 'ನೋಡ್ರಿ ಅಣ್ಣಾರ, ಬೀಜಕ್ಕ ನಾವು ಕೈ ಹಚ್ಚಂಗಿಲ್ಲ. ಅವು ಇದ್ದಲ್ಲೇ ಇರತಾವ. ಅಲ್ಲಿಂದ ಬರೋ ಎರಡು ಸಣ್ಣ ನಾಳ ಕಟ್ಟತೀವಿ, ಅಷ್ಟ. ಕಸುವು ಹೋಗಂಗಿಲ್ಲ, ಆಸಿ ಹೋಗಂಗಿಲ್ಲ, ವೀರ್ಯದ ನೀರೂ ಮೊದಲಿನಂಗ ಬರತದ. ಮಕ್ಕಳಾಗೋ ಅಂಶ ಅಷ್ಟ ಅದರಾಗ ಇರಂಗಿಲ್ಲ.' ಇಷ್ಟನ್ನು ಅವನು ಕೇಳಿದ್ದ, ಕೇಳುತ್ತಲೇ ಟಗರಿಗೂ ತನಗೂ ನಡುವೆ ಒಂದು ಗೋಡೆ ಎದ್ದಂತಾಗಿ ಉಸಿರು ಬಿಟ್ಟಿದ್ದ. ಆದರೆ ಆ ಬಿಟ್ಟ ಉಸಿರಿನಲ್ಲಿ ಅವಳ ಮುಂದಿನ ಮಾತು ಹಾರಿಹೋಯಿತು. ಕೆಲಸ ಮುಗಿದ ಮೇಲೆ ಅವಳು ಅವನ ಕೈಗೆ ಒಂದು ಪೊಟ್ಟಣ ಕೊಟ್ಟು, ಮೂರು ತಿಂಗಳು ಎಂದೇನೋ ಹೇಳಿದಳು, ಶೀಸೆ, ಟೆಸ್ಟು ಎಂದಳು. ಪೊಟ್ಟಣದ ಮೇಲೆ ನಿರೋಧ್ ಎಂದಿತ್ತು. ಪಕ್ಕದ ಬೆಂಚಿನಲ್ಲಿ ತನ್ನ ಮಗಳ ವಯಸ್ಸಿನ ಹುಡುಗಿಯೊಬ್ಬಳು ನೋಡುತ್ತಿದ್ದಳು. ಅವನು ಅದನ್ನು ಧೋತರದ ಗಂಟಿನಲ್ಲಿ ಅಡಗಿಸಿ ಹೂಂ ಹೂಂ ಎನ್ನುತ್ತಾ ಹೊರಬಿದ್ದ. ಕೆಲಸ ಆಗಿಹೋದ ಮೇಲೆ ಇದು ಯಾತಕ್ಕೆ ಎಂದುಕೊಂಡ. ಮನೆಯಲ್ಲಿ ಮಕ್ಕಳ ಕೈಗೆ ಸಿಕ್ಕೀತು ಎಂದು ಹೆದರಿ, ಊರು ಸೇರುವ ಮೊದಲೇ ಕಾಲುವೆಯ ನೀರಿಗೆ ಎಸೆದ. ಪೊಟ್ಟಣ ಮುಳುಗದೆ ತೇಲುತ್ತಾ ಹೋದದ್ದನ್ನು ಕಂಡು, ಯಾರಾದರೂ ನೋಡಿದರೇನೋ ಎಂದು ಅತ್ತಿತ್ತ ತಿರುಗಿದ್ದ.

ಇದೆಲ್ಲ ಅವನು ಮರೆತಿದ್ದ. ಮರೆಯದೆ ಉಳಿದದ್ದು ಸಂಕ್ರಾಂತಿಯ ದಿನ. ಹನುಮಪ್ಪನ ಗುಡಿಯ ಕಟ್ಟೆಯ ಮುಂದೆ ಗಂಡಸರು ಗುಂಡುಕಲ್ಲು ಎತ್ತುವ ಪಂದ್ಯ. ಪ್ರತಿ ವರ್ಷ ಅದನ್ನು ಎದೆಮಟ್ಟ ಎತ್ತಿ ಹೆಗಲ ಮೇಲಿಂದ ಒಗೆಯುತ್ತಿದ್ದ ದುರುಗಪ್ಪ ಈ ಸಲ ಜನರ ಹಿಂದೆ ನಿಂತಿದ್ದ. ವಾರ ಕಳೆದರೆ ಎಲ್ಲ ಕೆಲಸ ಮಾಡಬಹುದೆಂದು ನರ್ಸಮ್ಮ ಹೇಳಿದ್ದಳು, ಮೈಯೂ ಅದನ್ನೇ ಹೇಳುತ್ತಿತ್ತು. ಆದರೆ ಕೈ ಮುಂದೆ ಹೋಗಲಿಲ್ಲ. ಗೂಡ್ಸ್ ಆಟೋ ಓಡಿಸುವ ಪಕ್ಕದ ಮನೆಯ ಅಮರೇಶ ಅವನನ್ನು ಕಂಡು ಕೂಗಿದ: 'ಎತ್ತಲೇ ದುರುಗ್ಯಾ! ಎತ್ತು!' ಜನ ದನಿಗೂಡಿಸಿದರು, ಎತ್ತು, ಎತ್ತು. ಕಲ್ಲನ್ನು ಎತ್ತು ಎಂದು ಅವರು ಕೂಗಿದ್ದು. ಅವನ ಕಿವಿಗೆ ಬಿದ್ದದ್ದು ನೊಗಕ್ಕೆ ಕಟ್ಟುವ ಎತ್ತು, ಬೀಜ ಒಡೆಸಿಕೊಂಡ ಹೋರಿ. ಎಲ್ಲರಿಗೂ ಗೊತ್ತಾಗಿಬಿಟ್ಟಿದೆ, ಊರಿಗೆ ಊರೇ ತನ್ನ ಹೆಸರು ಕೂಗುತ್ತಿದೆ ಎಂದು ಅವನ ಕಿವಿ ಬಿಸಿಯಾದವು. 'ಸೊಂಟ ಹಿಡದೈತಿ' ಎಂದು ಮನೆಗೆ ಬಂದ. ಅಮರೇಶನ ಹೆಂಡತಿಯೊಂದಿಗೆ ಯಂಕಮ್ಮ ಅದೇ ಆಟೋದಲ್ಲಿ ಸಿರವಾರದ ಸಂತೆಗೆ ಹೋಗಿ ಬಂದದ್ದು, ಇಳಿಯುವಾಗ ಅಮರೇಶ ಏನೋ ಅಂದದ್ದು, ಅವಳು ನಕ್ಕದ್ದು, ಇವೆಲ್ಲ ಅಂದು ಅವನಿಗೆ ಏನೂ ಅಲ್ಲದ ಸಂಗತಿಗಳಾಗಿದ್ದವು. ಎರಡು ಗೆರೆ ಮೂಡಿದ ಮೇಲೆ ಅದೇ ನಗು ದಿನಕ್ಕೊಂದು ಬಗೆಯಲ್ಲಿ ಕೇಳತೊಡಗಿತು. ಹಟ್ಟಿಯಲ್ಲಿ ಮಲಗಿ ಅವನು ಅದನ್ನು ಮತ್ತೆ ಮತ್ತೆ ಕೇಳಿಸಿಕೊಂಡ. ಅದರಲ್ಲಿ ಏನೂ ಸಿಗದಿದ್ದಾಗ, ಸಿಗದಂತೆ ನಕ್ಕಿದ್ದಾಳೆ ಎಂದುಕೊಂಡ. ಹೀಗೆ ಅಂದುಕೊಳ್ಳುವವನು ತಾನೇ ಎಂಬುದು ಬೆಳಗಾಗುತ್ತಲೇ ಅವನಿಗೆ ನಾಚಿಕೆ ತರುತ್ತಿತ್ತು. ನಾಚಿಕೆಯಾದಷ್ಟೂ ಅವಳ ಮೇಲೆ ಸಿಟ್ಟು ಬರುತ್ತಿತ್ತು.

ಬಸ್ಸು ನಿಂತಿತು. ಡ್ರೈವರು ಹಾರನ್ ಒತ್ತಿ ಬೇಸತ್ತು ಬೀಡಿಗೆ ಬೆಂಕಿ ಹಚ್ಚಿದ. ರಸ್ತೆಯ ತುಂಬ ಕುರಿ, ದೂರದೂರಿನ ಮಂದೆ, ಧೂಳಿನ ಬಣ್ಣದ ಬೆನ್ನುಗಳು ಒಂದಕ್ಕೊಂದು ಒತ್ತಿ ಹರಿಯುತ್ತಿದ್ದವು. ದುರುಗಪ್ಪ ಅಭ್ಯಾಸದಂತೆ ಮಂದೆಯ ಕಾಲು ನೋಡಿದ, ಕುಂಟುವುದು ಯಾವುದು, ಗಬ್ಬದ್ದು ಯಾವುದು ಎಂದು ನೋಡಿದ. ಮಂದೆಯೆಲ್ಲ ದಾಟಿದ ಮೇಲೆ ಸಾಕಷ್ಟು ಹಿಂದೆ ಒಂದು ಕತ್ತೆ, ಕತ್ತೆಯ ಹೊರೆಗೆ ಕಟ್ಟಿದ ಹಗ್ಗದ ತುದಿಗೆ ಒಂದೇ ಒಂದು ಟಗರು, ತೊಡೆಸಂದಿಗೆ ಅರಿಶಿನ ಬಳಿದಿತ್ತು. ಅದು ಮಂದೆಯ ಕಡೆ ಕೊರಳು ಚಾಚಿ ಜಗ್ಗುತ್ತಿತ್ತು. ಪಾಪ, ಬೇರೆ ಕಟ್ಯಾರ, ಎಂದು ಅವನೊಳಗೆ ಒಂದು ಹುಡುಗನ ದನಿ ಹೇಳಿತು. ಚಿಕ್ಕಂದಿನಲ್ಲಿ ಒಮ್ಮೆ ಆ ಹುಡುಗ ಇಂಥದೇ ಟಗರಿನ ಹಗ್ಗ ಬಿಚ್ಚಿದ್ದ. ಅಪ್ಪ ಹಿಚುಕಿದ ಟಗರು ಹಟ್ಟಿಯ ಹೊರಗೆ ಒಂಟಿಯಾಗಿ ಒದರುವುದನ್ನು ಕೇಳಲಾರದೆ ಬಿಚ್ಚಿ ಕುರಿಗಳೊಳಗೆ ಬಿಟ್ಟಿದ್ದ. ಇನ್ನು ಅದರಿಂದ ಏನಾದೀತು, ಅದರದೆಲ್ಲ ಮುಗಿಯಿತಲ್ಲ? ಕೆಲವು ತಿಂಗಳ ಮೇಲೆ ಒಂದು ಕುರಿ ಈದಾಗ ಮರಿಯ ಹಣೆಯ ಮೇಲೆ ಆ ಟಗರಿನದೇ ಬಿಳಿ ಚುಕ್ಕೆ. ಹುಡುಗನಿಗೆ ಅದು ಕಾಣಲಿಲ್ಲ. ಕುರಿ ಯಾರದೋ ಹಟ್ಟಿಗೆ ಕದ್ದು ಹೋಗಿ ಬಂದಿದೆ ಎಂದು ಬಾರುಕೋಲು ತೆಗೆದುಕೊಂಡು ಅದರ ಬೆನ್ನಿಗೆ ಬಾರಿಸಿದ. ಅಪ್ಪ ಕೋಲು ಕಸಿದುಕೊಂಡ. 'ಏ ಹುಚ್ಚಪ್ಪ್ಯಾ, ಕುರಿಗೆ ಯಾಕ ಬಡೀತಿ? ಅದೇನ್ ಮಾಡ್ಯಾದ? ಹೊಸದಾಗಿ ಹಿಚುಕಿದ ಟಗರಿನಾಗ ಹಳೀ ನೀರು ಉಳದಿರತದ. ಅದು ತೀರೂತನ ಬ್ಯಾರೆ ಕಟ್ಟಬೇಕಂತ ಹೇಳಿದ್ನಿಲ್ಲ? ಹಗ್ಗ ಬಿಚ್ಚಿದಾಂವ ನೀನು.'

ಹಳೀ ನೀರು. ಬಸ್ಸು ಮತ್ತೆ ಹೊರಟಿತು, ಟಗರು ಕಿಟಕಿಯಲ್ಲಿ ಹಿಂದಾಯಿತು. ದುರುಗಪ್ಪನಿಗೆ ಹಾರಿಹೋಗಿದ್ದ ಮಾತು ಈಗ, ಇಷ್ಟು ತಿಂಗಳ ಮೇಲೆ, ಸೈಮಾಳ ದನಿಯಲ್ಲೇ ಇಡಿಯಾಗಿ ಕೇಳಿಸಿತು: 'ಆದ್ರ ಅಣ್ಣಾರ, ಇವತ್ತ ಕಟ್ಟಿದ್ರ ಇವತ್ತ ಖಾಲಿ ಆಗಂಗಿಲ್ಲ. ನಾಳದಾಗ ಮೊದಲಿಂದು ಉಳದಿರತದ. ಮೂರು ತಿಂಗಳು ಇದನ್ನ ಬಳಸ್ರಿ. ಆಮ್ಯಾಲ ಶೀಸಿಯಾಗ ನೀರು ತಂದು ಟೆಸ್ಟ್ ಮಾಡಿಸ್ರಿ. ನಾವು ಸಾಕು ಅನ್ನೂತನ ಬಿಡಬ್ಯಾಡ್ರಿ.' ತನ್ನನ್ನು ಹೆದರಿಸಿದ ಟಗರು ಯಾವುದೋ ಅದೇ ಟಗರು ಉತ್ತರವನ್ನೂ ಕೊರಳಿಗೆ ಕಟ್ಟಿಕೊಂಡು ನಿಂತಿತ್ತು. ತಾನು ಅದರ ನೋವನ್ನಷ್ಟೇ ನೆನಪಿಟ್ಟುಕೊಂಡು ಅದರ ಹಗ್ಗವನ್ನು ಮರೆತಿದ್ದ. ಹಗುರಾಗಬೇಕಿತ್ತು, ಆಗಲಿಲ್ಲ. ಹೆಂಡತಿಯ ಮೇಲೆ ಹೊರಿಸಿದ್ದ ಭಾರವೆಲ್ಲ ಒಮ್ಮೆಲೇ ತಿರುಗಿ ತನ್ನ ತೊಡೆಯ ಮೇಲೆ ಬಂದು ಕೂತಂತಾಯಿತು. ಅವಳ ಮೈಯಲ್ಲಿ ರಕ್ತವಿಲ್ಲ, ಹೊಟ್ಟೆಯಲ್ಲಿ ಬಸಿರಿದೆ, ಇಷ್ಟು ದಿನ ಅವಳು ಒಬ್ಬಳೇ ಮಲಗಿದ್ದಾಳೆ. ಅವನು ಎದ್ದು ನಿಂತ.

'ಈ ಕಡೆ ಬಾ. ಗಾಳಿ ಬರತದ.'

ಯಂಕಮ್ಮ ನಿಂಬೆಹಣ್ಣು ಕೆಳಗಿಳಿಸಿ ಅವನನ್ನು ನೋಡಿದಳು. 'ಈಗ? ಅರ್ಧ ದಾರಿ ಆದ ಮ್ಯಾಲ?'

'ಬಾ ಅಂದ್ನೆಲ್ಲ.'

ಅವಳು ಸರಿದು ಕೂತು ಕಿಟಕಿಯ ಕಂಬಿಗೆ ಹಣೆ ಹಚ್ಚಿದಳು. ಅವನು ಹೇಳಬೇಕೆಂದುಕೊಂಡ. ಮುಂದಿನ ಸೀಟಿನ ಮುದುಕನ ಕಿವಿ ದೊಡ್ಡದಾಗಿತ್ತು, ಕಂಡಕ್ಟರು ಅಲ್ಲೇ ಒರಗಿ ನಿಂತಿದ್ದ. ರಾಯಚೂರಿನ ಕೋಟೆಯ ಗೋಡೆ ಕಂಡಾಗಲೂ ಅವನು ಅಂದುಕೊಳ್ಳುತ್ತಲೇ ಇದ್ದ.

ದವಾಖಾನೆಯಲ್ಲಿ ಸೈಮಾ ಅವನ ಗುರುತು ಹಿಡಿದಳು. ಯಂಕಮ್ಮನ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, ಅದರ ಬಿಳುಪಿಗೆ ತುಟಿ ಬಿಗಿದು, ಸ್ಟೂಲು ಎಳೆದುಕೊಂಡು ಕೂತು, ಬಹಳ ಸಾಧಾರಣವಾಗಿ ಕೇಳಿದಳು: 'ಆಪರೇಷನ್ ಆದ ಮ್ಯಾಲ ನಿರೋಧ್ ಬಳಸಿದ್ರೇನಕ್ಕಾ?'

'ಯಾ ನಿರೋಧ್?' ಎಂದಳು ಯಂಕಮ್ಮ.

ಗೋಡೆಯ ಫ್ಯಾನು ಒಮ್ಮೆ ಯಂಕಮ್ಮನ ಕಡೆ, ಒಮ್ಮೆ ಅವನ ಕಡೆ ತಿರುಗುತ್ತಿತ್ತು. ಸೈಮಾ ಮತ್ತೆ ಅದನ್ನೇ ಹೇಳಿದಳು, ಈ ಸಲ ಯಂಕಮ್ಮನಿಗೆ. ಕಟ್ಟಿದ ದಿನವೇ ಖಾಲಿಯಾಗುವುದಿಲ್ಲ ಎಂಬುದನ್ನು, ಮೂರು ತಿಂಗಳ ಮಾತನ್ನು. ಆಮೇಲೆ ದುರುಗಪ್ಪನ ಮುಂದೆ ಒಂದು ಪುಟ್ಟ ಶೀಸೆ ಇಟ್ಟಳು. 'ಈಗೂ ಟೆಸ್ಟ್ ಮಾಡಿ ನೋಡೂಣ್ರಿ. ಇನ್ನೂ ಅದಾವೋ ಇಲ್ಲೋ ಗೊತ್ತಾಗತದ.' ಅವನು ಶೀಸೆಯನ್ನು ಕೈಗೆತ್ತಿಕೊಂಡ. ಎಷ್ಟು ಹಗುರವಾಗಿತ್ತೆಂದರೆ ಬೆರಳಿಗೆ ತಿಳಿಯುತ್ತಿರಲಿಲ್ಲ. ಇದನ್ನು ಕೊಟ್ಟು, ಉತ್ತರ ಬಂದ ಮೇಲೆ ಮಾತಾಡಬಹುದು. ಆಗ ಮಾತಿಗೆ ಆಧಾರವಿರುತ್ತದೆ, ಮುಖವೂ ಉಳಿಯುತ್ತದೆ. ಆದರೆ ಹಾಗೆ ಮಾಡಿದರೆ ತಾನು ನಂಬಿದ್ದು ಶೀಸೆಯನ್ನೇ ಹೊರತು ಇವಳನ್ನಲ್ಲ ಎಂದಾಗುತ್ತದೆ. ಸಾಯುವವರೆಗೂ ಹಾಗೆಯೇ ಉಳಿಯುತ್ತದೆ. ಅವನು ಶೀಸೆಯನ್ನು ಮೇಜಿನ ಮೇಲೆ ಮರಳಿ ಇಟ್ಟ.

'ಇವರು ಕೊಟ್ಟಿದ್ರು. ನಾ ಕಾಲುವಿಗೆ ಒಗದೆ' ಎಂದ. 'ಹಗ್ಗ ಬಿಚ್ಚಿದಾಂವ ನಾನು.'

ಸೈಮಾಳಿಗೆ ಆ ಕೊನೆಯ ಮಾತು ಅರ್ಥವಾಗಲಿಲ್ಲ. ಕುರಿಯ ಮನೆಗೆ ಸೊಸೆಯಾಗಿ ಬಂದು, ಮಾವ ರೇವಣಸಿದ್ದನ ಬಾಯಲ್ಲಿ ಆ ಮರಿಯ ಕಥೆಯನ್ನು ಎಷ್ಟೋ ಸಲ ಕೇಳಿ ನಕ್ಕಿದ್ದ ಯಂಕಮ್ಮನಿಗೆ ಅರ್ಥವಾಯಿತು. ಅದರೊಂದಿಗೆ ತೋಳವೂ ಅರ್ಥವಾಯಿತು.

'ಅದಕ್ಕೇನು ನೀ ಹಟ್ಟಿಯಾಗ ಮಲಗತಿದ್ದಿ?'

'ಹೂಂ' ಎಂದ ಅವನು.

'ಯಾರು ಅಂತ ಮಾಡಿದ್ದಿ? ಅಮರೇಶ?' ಅವಳಿಗೆ ನಗು ಬಂತು, ನಗುತ್ತಲೇ ಕಣ್ಣು ತುಂಬಿದವು. 'ಆ ಆಟೋದಾಂವ! ಸಂತ್ಯಾಗ ತನ್ನ ಹೆಂಡತಿಗೆ ಬಳಿ ಕೊಡಸಾಕ ಹೋಗಿ ಬಳಿಗಾರನ ಬುಟ್ಟಿ ಮ್ಯಾಲ ಕುಂತು ಎಲ್ಲಾ ಒಡದ. ಅದಕ್ಕ ನಕ್ಕಿದ್ನೆಪಾ ನಾನು.' ಮತ್ತೆ ಸೈಮಾಳ ಕಡೆ ತಿರುಗಿ, ಗಂಡ ಅಲ್ಲಿ ಇಲ್ಲವೇ ಇಲ್ಲವೆನ್ನುವಂತೆ ಕೇಳಿದಳು: 'ಈಗ ನನ್ನ ಗತಿ ಹೇಳ್ರಿ.'

ಸೈಮಾ ಅವರನ್ನು ದೊಡ್ಡ ಡಾಕ್ಟರ ಬಳಿ ಕರೆದೊಯ್ದಳು. ದಿನ ಹೆಚ್ಚಾಗಿಲ್ಲ, ಒಳಗೇ ಇರಿಸಿಕೊಂಡು, ಮೊದಲು ರಕ್ತ ಕೊಟ್ಟು ತೆಗೆಯಬಹುದು; ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ; ಇಟ್ಟುಕೊಳ್ಳುತ್ತೇನೆಂದರೆ ಅಪಾಯ ಇಷ್ಟು, ನೋಡಿಕೊಳ್ಳುವ ಬಗೆ ಹೀಗೆ ಎಂದು ಡಾಕ್ಟರು ಎರಡನ್ನೂ ಬಿಡಿಸಿ ಹೇಳಿದರು. ದುರುಗಪ್ಪ ಸಹಿಗೆಂದು ಮುಂದೆ ಬಂದಾಗ ಸೈಮಾ, 'ನಿಮ್ಮ ಸಹಿ ಬ್ಯಾಡ್ರಿ ಅಣ್ಣಾರ. ಅಕ್ಕನ ಮಾತು ಸಾಕು' ಎಂದಳು. ಹೆಂಡತಿಯ ಮೈಯ ಬಗ್ಗೆ ತನ್ನ ಮಾತು ಬೇಕಾಗಿಲ್ಲವೆಂಬುದು ಅವನಿಗೆ ಮೊದಲು ಅವಮಾನದಂತೆ, ಆಮೇಲೆ ಒಂದು ಬಗೆಯ ಬಿಡುಗಡೆಯಂತೆ ತೋರಿತು. ಯಂಕಮ್ಮ ಮನೆಯಲ್ಲಿರುವ ಮೂರು ಮಕ್ಕಳನ್ನು ನೆನೆದಳು, ನಡುದಾರಿಯಲ್ಲಿ ತಾನು ಇಳಿಸಿ ಕೂತ ಕೊಡವನ್ನು ನೆನೆದಳು. 'ತಗೀರಿ' ಎಂದಳು. ಆಮೇಲೆ ದುರುಗಪ್ಪ ತುಂಬಿಕೊಟ್ಟ ಶೀಸೆಯ ಉತ್ತರ ಸಂಜೆಗೆ ಬಂತು: ಇನ್ನೂ ಇವೆ, ನಿರೋಧ್ ಬಿಡಬಾರದು, ಮುಂದಿನ ತಿಂಗಳು ಮತ್ತೆ ಬರಬೇಕು. ಗಿಲ್ಲೆಸುಗೂರಿನಲ್ಲಿ ಹೇಳುವವರು ಗಂಡ ತಪ್ಪೊಪ್ಪಿಕೊಳ್ಳುವುದನ್ನು ಈ ಉತ್ತರ ಬಂದ ಮೇಲಕ್ಕೆ ಇಡುತ್ತಾರೆ. ಅದನ್ನು ಯಂಕಮ್ಮನಿಗೆ ಹೇಳಿದಾಗ ಅವಳು, 'ಹಂಗಿದ್ರ ಅದು ನನ್ನ ಗಂಡನ ಕಥಿ ಅಲ್ಲ, ಬ್ಯಾರೆ ಯಾರದೋ' ಎಂದಳು.

ಅವಳನ್ನು ವಾರ್ಡಿನಿಂದ ಬಿಟ್ಟ ದಿನ ಇಬ್ಬರೂ ಬಸ್‌ಸ್ಟ್ಯಾಂಡಿನ ಎದುರು ಕೋಟೆಗೋಡೆಯ ನೆರಳಿನಲ್ಲಿ ಚಹಾ ಕುಡಿಯುತ್ತಾ ನಿಂತಿದ್ದರು. ಅವನು ಕಪ್ಪನ್ನು ಅವಳ ಕೈಗೆ ಕೊಟ್ಟು, ಅವಳು ಕುಡಿಯುವವರೆಗೆ ತನ್ನದನ್ನು ಮುಟ್ಟಲಿಲ್ಲ. 'ಏನರ ಅನ್ನು' ಎಂದ. 'ಬೈಯಿ. ನಿಮ್ಮ ಅಣ್ಣಗ ಫೋನ್ ಮಾಡಿ ಹೇಳು.'

'ಬೈಯಂಗಿಲ್ಲ' ಎಂದಳು ಯಂಕಮ್ಮ. 'ಆದ್ರ ಇದನ್ನ ಹೊಟ್ಯಾಗ ಇಟಗೊಂಡೂ ಇರಂಗಿಲ್ಲ. ಎಲ್ಲಿ ಹೇಳಬೇಕನಸತದ ಅಲ್ಲಿ ಹೇಳತೀನಿ. ಕಾಲುವಿಗೆ ಒಗದದ್ದು, ತೋಳ ಬಂತಂದದ್ದು, ಎಲ್ಲಾ. ಹೆಸರು ಇಟ್ಟ ಹೇಳತೀನಿ.'

'ನನ್ನ ಹೆಸರು?'

'ನಿನ್ನ ಹೆಸರ ಮತ್ತ. ಇಷ್ಟು ವರ್ಷ ಬಾಯಾಗ ತರಲಾರದ ಕಾದೀನಿ, ಇದಕ್ಕರ ಉಪಯೋಗ ಬರಲಿ.'

ಕಟ್ಟೆಯ ಮುಂದಿನ ಗುಂಡುಕಲ್ಲು ಅವನ ಕಣ್ಣಿಗೆ ಬಂತು, ಅದರ ಸುತ್ತ ಕೂಗುವ ಬಾಯಿಗಳು ಬಂದವು. ಎತ್ತು, ಎತ್ತು. ಮಸರಕಲ್ಲಿನ ಬಸ್ಸು ಬಂದು ನಿಂತಿತು. 'ಹೂಂ, ಹೇಳು' ಎಂದು, ಅವಳಿಗಿಂತ ಮೊದಲು ಹತ್ತಿ, ಕಿಟಕಿಯ ಪಕ್ಕದ ಸೀಟಿನ ಮೇಲೆ ಟವೆಲು ಹಾಕಿದ.

ಇಷ್ಟು ಹೇಳಿ ಯಂಕಮ್ಮ ಕೈಯ ಹಿಟ್ಟು ಉಜ್ಜಿಕೊಂಡಳು. ಮಾನ್ವಿಯ ಆ ಪಡಸಾಲೆಯಲ್ಲಿ ಬಿಸಿಲು ಹೊಸ್ತಿಲು ದಾಟಿತ್ತು. ಹೆಂಗಸರು ಶ್ಯಾವಿಗೆಯ ಕೋಲುಗಳನ್ನು ನೆರಳಿಗೆ ಸರಿಸಿದರು, ಒಬ್ಬಾಕೆ ಮಗುವನ್ನು ಎಬ್ಬಿಸಿ ಸೊಂಟಕ್ಕೇರಿಸಿಕೊಂಡಳು, ಇನ್ನೊಬ್ಬಾಕೆ ತಮ್ಮ ಯಜಮಾನರಿಗೆ ಈ ಟಗರಿನ ಸುದ್ದಿ ಹೇಳಿದರೆ ಮೂರು ದಿನ ಉಣ್ಣುವುದಿಲ್ಲವೆಂದು ನಗಿಸಿದಳು. ಒಬ್ಬೊಬ್ಬರಾಗಿ ಎದ್ದರು. ಶಶಿಕಲಾ ಏಳಲಿಲ್ಲ. ಎಲ್ಲರೂ ಓಣಿಗಿಳಿದ ಮೇಲೆ, ಮಣೆಯ ಮೇಲೆ ಒಣಗಿದ ಹಿಟ್ಟನ್ನು ಉಗುರಿನಿಂದ ಕೆರೆಯುತ್ತಾ, ತಲೆ ತಗ್ಗಿಸಿಯೇ ಕೇಳಿದಳು:

'ಯಕ್ಕಾ, ಆ ಹಳೀ ನೀರಿನ ಮಾತು ಇನ್ನೊಮ್ಮೆ ಹೇಳು. ನಮ್ಮವರು ಮಾಡಿಸಿಕೊಂಡದ್ದು ಶಿವರಾತ್ರಿಗೆ. ಯುಗಾದಿಯಿಂದ ನಾ ಮುಟ್ಟಾಗಿಲ್ಲ.'

ಯಂಕಮ್ಮ ಹೇಳಿದಳು, ಟಗರು ಕಂಡಲ್ಲಿಂದ ಹಗ್ಗದವರೆಗೆ, ಒಂದೂ ಬಿಡದೆ. ಶಶಿಕಲಾ ಗಂಡನಿಗೆ ಹೇಳಲು ಬಾಯಿಪಾಠ ಮಾಡುವವಳಂತೆ ಮಾತು ಮಾತಿಗೂ ತುಟಿ ಅಲುಗಿಸುತ್ತಾ ಕೇಳಿದಳು. ಆಮೇಲೆ ಎದ್ದು, ಸೀರೆಯ ನೆರಿಗೆಯಿಂದ ಹಿಟ್ಟು ಕೊಡವಿಕೊಂಡು, ಸೀದಾ ಮನೆಗೆ ಹೋದಳು.